ಮೊದಲ 95ರಲ್ಲೇ ತೊಡಕಿದೆ

ಎಚ್‌ಐವಿ ವಿಷಯದಲ್ಲಿ ಜಗತ್ತು 95-95-95 ಗುರಿಯ ಸಮೀಪ ಬಂದಿದೆ ಎಂದು ನಿಮ್ಮ ಲೇಖನ ಹೇಳುತ್ತದೆ. ಅಂದರೆ ಸೋಂಕಿತರಲ್ಲಿ ಶೇ 95 ಮಂದಿಗೆ ಸೋಂಕಿರುವುದು ತಿಳಿದಿರಬೇಕು, ಅವರಲ್ಲಿ ಶೇ 95 ಮಂದಿ ಚಿಕಿತ್ಸೆಯಲ್ಲಿರಬೇಕು, ಚಿಕಿತ್ಸೆ ಪಡೆದವರಲ್ಲಿ ಶೇ 95 ಮಂದಿಗೆ ವೈರಸ್ ಹತೋಟಿಗೆ ಬರಬೇಕು. ಸಂತೋಷದ ಸುದ್ದಿಯೇ. ಆದರೆ ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದಬಾರದು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಪ್ರಕಾರ 2024ರಲ್ಲಿ ಶೇ 87ರಷ್ಟು ಸೋಂಕಿತರಿಗೆ ಸೋಂಕಿರುವುದು ತಿಳಿದಿತ್ತು. ಅವರಲ್ಲಿ ಶೇ 89 ಮಂದಿ ಚಿಕಿತ್ಸೆಯಲ್ಲಿದ್ದರು. ಚಿಕಿತ್ಸೆ ಪಡೆದವರಲ್ಲಿ ಶೇ 94 ಮಂದಿಗೆ ವೈರಸ್ ಹತೋಟಿಗೆ ಬಂದಿತ್ತು. ಗುಣಿಸಿ ನೋಡಿ, ಒಟ್ಟು ಸೋಂಕಿತರಲ್ಲಿ ಅದು ಶೇ 73 ಮಾತ್ರ. ನಾಲ್ವರಲ್ಲಿ ಒಬ್ಬರು ಇನ್ನೂ ಹೊರಗೇ ಉಳಿದಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಮೊದಲ 95. ಪರೀಕ್ಷೆ ಕಷ್ಟದ್ದಲ್ಲ. ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು, ಪಟ್ಟಿಯ ಮೇಲೆ ಗೆರೆ ಮೂಡಲು ಅರ್ಧ ಗಂಟೆಯೂ ಬೇಡ. ಕಷ್ಟವಿರುವುದು ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ಪರಿಚಯದವರು ಕಂಡುಬಿಟ್ಟರೆ ಎಂಬ ಅಳುಕಿನಲ್ಲಿ! ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ ಸ್ವಯಂ ಪರೀಕ್ಷೆ, ಅಂದರೆ ಯಾರಿಗೂ ಕಾಣದಂತೆ ತಾವೇ ಮಾಡಿಕೊಳ್ಳುವ ಪರೀಕ್ಷೆ, ನನಗೆ ಬಹಳ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ಅದರಲ್ಲಿ ಪಾಸಿಟಿವ್ ಬಂದರೆ ಆರೋಗ್ಯ ಕೇಂದ್ರದಲ್ಲಿ ದೃಢಪಡಿಸಿಕೊಳ್ಳಬೇಕು. ಇತ್ತೀಚೆಗಷ್ಟೇ ಸೋಂಕಿನ ಅಪಾಯಕ್ಕೆ ಒಡ್ಡಿಕೊಂಡವರು ನೆಗೆಟಿವ್ ಬಂತೆಂದು ಸುಮ್ಮನಾಗದೆ, ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಿಕೊಳ್ಳಬೇಕು. ಲೇಖನ ಇದನ್ನು ಬಿಟ್ಟದ್ದು ದೊಡ್ಡ ಕೊರತೆ.

ಹೊಸ ಸೋಂಕು ತಡೆಯುವ ವಿಷಯದಲ್ಲಂತೂ ನಾವು ಬಹಳ ಹಿಂದಿದ್ದೇವೆ. 2025ರ ಹೊತ್ತಿಗೆ ಜಗತ್ತಿನಲ್ಲಿ ವರ್ಷದ ಹೊಸ ಸೋಂಕುಗಳು 3.7 ಲಕ್ಷಕ್ಕಿಂತ ಕಡಿಮೆಯಾಗಬೇಕಿತ್ತು. 2024ರಲ್ಲಿ ಅವು ಸುಮಾರು 13 ಲಕ್ಷ. ಸೋಂಕು ತಗಲದಂತೆ ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಾಪವಿರ್ ಚುಚ್ಚುಮದ್ದು ಈಗ ಬಂದಿದೆ. ನೆರವಿನ ಹಣಕ್ಕೆ ಕತ್ತರಿ ಬೀಳುತ್ತಿರುವ ಈ ಹೊತ್ತಿನಲ್ಲಿ ಅದು ಯಾರ ಕೈಗೆ, ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ.