ಪುತ್ತರಿ ಯಾರ ಮನೆಯಲ್ಲಿ ಅಂತ ಬರೆದಿರಲಿಲ್ಲ

ಕಳೆದ ತಿಂಗಳು ಒಂದು ಸಂಜೆ ಅಂಗಳದಲ್ಲಿ ಒಣಗಿದ ಕರಿಮೆಣಸನ್ನು ಚೀಲಕ್ಕೆ ತುಂಬುತ್ತಿದ್ದೆ. ಅಣ್ಣ ಬಂದು ಒಂದು ಫೈಲ್ ಮುಂದಿಟ್ಟ. "ಏನಿಲ್ಲ, ಸುಮ್ನೆ ಒಂದು ಸೈನ್. ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದರೆ ಸಾಕು" ಅಂದ. ಕೈ ಒರೆಸಿಕೊಂಡು ತೆಗೆದು ನೋಡಿದೆ. ಹಕ್ಕು ಬಿಡುಗಡೆ ಪತ್ರ. ಅಪ್ಪ ದುಡಿದು ತೆಗೆದುಕೊಂಡ ನಾಲ್ಕು ಎಕರೆ ಕಾಫಿ ತೋಟದಲ್ಲಿ ನನಗೆ ಏನೂ ಬೇಡ ಅಂತ ನಾನೇ ಬರೆದುಕೊಡುವ ಪತ್ರ.

ಅಣ್ಣ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಿವೋರ್ಸ್ ಆಗಿ ಮಗನ ಕೈ ಹಿಡಿದು ವಾಪಸ್ ಬಂದ ದಿನ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಜೀಪ್ ನಿಲ್ಲಿಸಿಕೊಂಡು ಕಾಯುತ್ತಿದ್ದವನು ಅವನೇ. ಈಗ ಅವನಿಗೆ ಸಾಲ ಬೇಕು, ಬ್ಯಾಂಕಿನವರಿಗೆ ಪಹಣಿಯಲ್ಲಿ ಒಂದೇ ಹೆಸರು ಬೇಕು. ಅಷ್ಟೇ ವಿಷಯ. ಆದರೆ ಯಾರೋ ಅವನಿಗೆ "ಹೆಣ್ಣುಮಕ್ಕಳ ಕಾನೂನು ಬಂದಿದ್ದು 2005ರಲ್ಲಿ, ನಿಮ್ಮಪ್ಪ ಹೋಗಿದ್ದು 2003ರಲ್ಲಿ, ಅವಳಿಗೆ ಏನೂ ಬರಲ್ಲ" ಅಂತ ಹೇಳಿಬಿಟ್ಟಿದ್ದರು.

ಇದು ಎರಡು ಕಡೆಯಿಂದ ತಪ್ಪು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯದ್ದು. ಅದರಲ್ಲೂ ಅಪ್ಪ ಆ ದಿನ ಬದುಕಿರಲೇಬೇಕು ಅಂತೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿದೆ. ನಮ್ಮದಂತೂ ಅಪ್ಪ ಸ್ವಂತ ದುಡ್ಡಿನಲ್ಲಿ ತೆಗೆದುಕೊಂಡ ತೋಟ. ವಿಲ್ ಬರೆಯದೆ ಹೋದರು. ಹಾಗಾದಾಗ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು ಅನ್ನುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಅವ್ವ, ಅಣ್ಣ, ನಾನು. ಮೂರು ಪಾಲು. ಹೆಣ್ಣುಮಕ್ಕಳಿಗೆ ಇದು ನಿನ್ನೆ ಮೊನ್ನೆ ಸಿಕ್ಕಿದ್ದಲ್ಲ, ನಾನು ಹುಟ್ಟುವ ಮೊದಲಿನಿಂದ ಇದೆ. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ಒಬ್ಬರ ಹೆಸರು ಕೂರಿಸಿದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದೂ ಇಲ್ಲ. ಆದರೆ ರಿಜಿಸ್ಟರ್ ಆದ ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದರೆ ಹೋಯಿತು, ಆಮೇಲೆ ಅಳುತ್ತಾ ಕೂತರೆ ಪ್ರಯೋಜನ ಇಲ್ಲ.

(ಮನೆತನಕ್ಕೆ ಸೇರಿದ ಹಳೆಯ ಜಮೀನು, ಅಂದರೆ ಜಮ್ಮಾ ಜಾಗದ ಗೋಜಿಗೆ ನಾನು ಇಲ್ಲಿ ಹೋಗುವುದಿಲ್ಲ. ದಾಖಲೆಯಲ್ಲಿ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರು, ಅದರ ಹಿಂದೆ ತೀರಿಹೋದ ಅಜ್ಜಂದಿರ ಸಾಲು. ಅದಕ್ಕೆ ಇನ್ನೊಂದು ಪೋಸ್ಟೇ ಬೇಕು.)

ನನಗೆ ಸಿಟ್ಟು ಬಂದಿದ್ದು ಪಾಲಿನ ಬಗ್ಗೆ ಅಲ್ಲ, "ಸುಮ್ನೆ ಒಂದು ಸೈನ್" ಅನ್ನುವ ಮಾತಿಗೆ. ನಮ್ಮ ಕೊಡವ ಮದುವೆಗಳಲ್ಲಿ ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತಾಡುವವರು, ಎದುರು ಬದುರು ನಿಂತು, ಹುಡುಗಿಗೆ ಗಂಡನ ಒಕ್ಕದಲ್ಲಿ (ಮನೆತನದಲ್ಲಿ) ಏನೇನು ಹಕ್ಕು ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಕೇಳಿ ಹೇಳಿ, ಕಲ್ಲು ಎಣಿಸಿ ಕೊಡುತ್ತಾರೆ. ಅಷ್ಟು ಲೆಕ್ಕಾಚಾರದ ಜನ ನಾವು. ಅದೇ ಹುಡುಗಿ ತವರಿಗೆ ವಾಪಸ್ ಬಂದಾಗ ಮಾತ್ರ ಹಕ್ಕಿನ ಮಾತು ಎತ್ತಿದರೆ ದುರಾಸೆ ಆಗಿಬಿಡುತ್ತೆ, ಅಲ್ವಾ?

ಹಾಗಂತ ನಾನೇನು ಜಾಣೆ ಅಲ್ಲ. ಡಿವೋರ್ಸ್ ಟೈಮಲ್ಲಿ ನಾನೂ ಇದೇ ಥರ, ಪೂರ್ತಿ ಯೋಚಿಸದೆ ಸೈನ್ ಹಾಕುವ ತಪ್ಪು ಮಾಡಿದ್ದೆ. ಇಬ್ಬರೂ ಒಪ್ಪಿ ತೆಗೆದುಕೊಂಡ ಡಿವೋರ್ಸ್ ಅದು. ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಿದೆವು, ಆಮೇಲೆ ಆರು ತಿಂಗಳು ಕಾದೆವು. (ಆ ಆರು ತಿಂಗಳನ್ನು ಕೋರ್ಟ್ ಬೇಕಾದರೆ ಬಿಟ್ಟುಕೊಡಬಹುದು ಅಂತ 2017ರಲ್ಲೇ ತೀರ್ಪು ಬಂದಿತ್ತಂತೆ, ನಮಗೆ ಯಾರೂ ಹೇಳಲಿಲ್ಲ.) ಮಗನಿಗೆ ಆಗ ನಾಲ್ಕು ವರ್ಷ. ಐದು ತುಂಬುವವರೆಗೆ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ ಕಾನೂನು, ಹಾಗಾಗಿ ಆ ಬಗ್ಗೆ ಜಗಳವೇ ಆಗಲಿಲ್ಲ. ದಸರಾ ರಜೆ ಮಗನ ಅಪ್ಪನಿಗೆ, ಬೇಸಿಗೆ ರಜೆ ಅರ್ಧರ್ಧ, ತಿಂಗಳಿಗೆ ಎರಡು ಭಾನುವಾರ. ಚೆನ್ನಾಗಿ ಬರೆದೆವು ಅಂತ ಖುಷಿಪಟ್ಟೆವು.

ಪುತ್ತರಿ ಬಿಟ್ಟುಹೋಗಿತ್ತು.

ಪುತ್ತರಿ ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಅದಕ್ಕೆ ಕ್ಯಾಲೆಂಡರಿನಲ್ಲಿ ಕಾಯಂ ತಾರೀಖು ಇಲ್ಲ. ರೋಹಿಣಿ ನಕ್ಷತ್ರ ನೋಡಿ ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡುತ್ತಾರೆ. ಮಗ ಅವರಪ್ಪನ ಒಕ್ಕದವನು, ಹೊಸ ಭತ್ತದ ಕದಿರು ತೆಗೆಯುವ ರಾತ್ರಿ ಅವರ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಇರಬೇಕು ಅಂತ ಅವರು. ಅವನು ಬೆಳೆಯುತ್ತಿರುವುದು ಈ ಮನೆಯಲ್ಲಿ ಅಂತ ನಾನು. ಎರಡು ವರ್ಷ ಫೋನಿನಲ್ಲಿ ಕಿರುಚಾಡಿದೆವು. ಎರಡನೇ ಸಲ ಮಗ ಹಬ್ಬದ ದುಡಿ ವಾದ್ಯದ ಸದ್ದು ಕೇಳಿಸಿದರೂ ಹೊರಗೆ ಬರದೆ ಕಂಬಳಿ ಹೊದ್ದು ಮಲಗಿಬಿಟ್ಟ. ಆಮೇಲೆ ವಕೀಲರು ಹೇಳಿದರು, ಮಕ್ಕಳ ವಿಷಯದ ಆದೇಶ ಕಲ್ಲಲ್ಲಿ ಕೊರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಕೋರ್ಟಿಗೆ ಹೋಗಿ ಬದಲಾಯಿಸಿಕೊಳ್ಳಬಹುದು ಅಂತ. ಈಗ ಪುತ್ತರಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಇನ್ನೊಂದು ವಿಷಯವೂ ಆಗಲೇ ಗೊತ್ತಾಗಿದ್ದು. ಮಗ ಯಾರ ಹತ್ತಿರ ಬೆಳೆದರೂ ಅಪ್ಪನ ಆಸ್ತಿಯಲ್ಲಿ ಅವನ ಹಕ್ಕು ಹೋಗುವುದಿಲ್ಲ. ಡಿವೋರ್ಸ್ ಆಗಿದ್ದು ನನಗೆ, ಅವನಿಗಲ್ಲ.

ಅಣ್ಣನ ಫೈಲ್ ನೋಡಿದ ರಾತ್ರಿ ನನ್ನ ಕಾಗದಗಳನ್ನೂ ತೆಗೆದು ನೋಡಿದೆ. ಬ್ಯಾಂಕಿನ ಎಫ್‌ಡಿಗೆ ನಾಮಿನಿ ಇನ್ನೂ ಹಳೆಯ ಗಂಡ! ನಾಮಿನಿ ಅಂದರೆ ದುಡ್ಡು ತೆಗೆದುಕೊಳ್ಳಬಹುದು ಅಷ್ಟೇ, ಅದು ಸೇರಬೇಕಾದ್ದು ವಾರಸುದಾರರಿಗೆ. ಆದರೂ ಚಿಕ್ಕ ಹುಡುಗ ಅದನ್ನು ಯಾರ ಹತ್ತಿರ ಕೇಳಬೇಕು? ಮಾರನೇ ದಿನವೇ ಬದಲಾಯಿಸಿದೆ.

ಪತ್ರಕ್ಕೆ ಸೈನ್ ಹಾಕಲಿಲ್ಲ. ಮೂವರೂ ಕೂತು ಮಾತಾಡೋಣ ಅಂದೆ. ಅಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ, ಮೂರನೇ ದಿನ ಬಂದು ಕೂತ. ರಸ್ತೆ ಕಡೆಯ ತುಂಡು ಅವನಿಗೆ, ಕೆರೆ ಕಡೆಯದು ನನಗೆ, ಮಧ್ಯದ್ದು ಅವ್ವನಿಗೆ, ವಿಭಾಗ ಪತ್ರ ಮಾಡಿಸುವುದು ಅಂತ ಮಾತಾಯಿತು. ಅವ್ವ ತನ್ನ ಭಾಗ ಈಗಲೇ ದಾನಪತ್ರ ಮಾಡಿಕೊಡುತ್ತೇನೆ ಅಂದಾಗ ಇಬ್ಬರೂ ಬೇಡ ಅಂದೆವು. ದಾನ ಕೊಟ್ಟರೆ ಇವತ್ತೇ ಕೈಬಿಟ್ಟುಹೋಗುತ್ತದೆ, ಸುಲಭದಲ್ಲಿ ವಾಪಸ್ ಬರುವುದಿಲ್ಲ. ವಿಲ್ ಆದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಆದರೆ ಇಬ್ಬರು ಸಾಕ್ಷಿ ಬೇಕೇ ಬೇಕು.

ಅವ್ವ ಬರೆಸಿದ ಮೊದಲ ಸಾಲು ತೋಟದ್ದಲ್ಲ. "ಕೊಕ್ಕೆತಾತಿ ಸೊಸೆಗೆ" ಅಂದರು. ಕೊಕ್ಕೆತಾತಿ ಅಂದರೆ ನಮ್ಮ ಹೆಣ್ಣುಮಕ್ಕಳು ಹಾಕುವ ಚಿನ್ನದ ಹಾರ. ನಾನು ಪೆನ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬರೆದೆ. ಸಾಕ್ಷಿಗೆ ಪಕ್ಕದ ತೋಟದ ಇಬ್ಬರು ಬರುತ್ತೇನೆ ಅಂದಿದ್ದಾರೆ, ಅವರ ಮೆಣಸು ಕೊಯ್ಲು ಮುಗಿಯಬೇಕಂತೆ.