ಮಂಗನಿಗೆ ಯಜಮಾನನಿಲ್ಲ

ಬ್ರಿಸ್ಬೇನಿನಲ್ಲಿ ಹೊತ್ತು ಮುಳುಗುತ್ತಿದ್ದಂತೆ ನಮ್ಮ ಮನೆಯ ಮೇಲಿಂದ ಬಾವಲಿಗಳು ಹೊರಡುತ್ತವೆ. ಎಣಿಸಲು ಹೋದರೆ ಕುತ್ತಿಗೆ ನೋಯುವಷ್ಟು. ಹಿತ್ತಲ ಮಾವಿನ ಮರ ಹಣ್ಣಾದಾಗ ನಾಲ್ಕಾರು ಇಳಿದು ರಾತ್ರಿಯಿಡೀ ಜಗಳವಾಡುತ್ತವೆ. ಬೆಳಗ್ಗೆ ನೋಡಿದರೆ ನೆಲದ ತುಂಬ ಅರ್ಧ ತಿಂದ ಹಣ್ಣು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ತೋಟದಲ್ಲಿ ಬಾವಲಿ ಚೀಪಿ ಉದುರಿಸಿದ ಅಡಿಕೆಯನ್ನು ಬರಿಗೈಯಲ್ಲಿ ಹೆಕ್ಕಿ ಬೆಳೆದವನು ನಾನು. ಇಲ್ಲಿ ಆ ಹಣ್ಣಿಗೆ ಕೈ ಹಾಕಲು ಮಗಳು ಬಿಡುವುದಿಲ್ಲ.

ಅವಳ ಶಾಲೆಯ ಬೇಲಿಗೆ ಒಮ್ಮೆ ಬಾವಲಿ ಮರಿಯೊಂದು ಸಿಕ್ಕಿಹಾಕಿಕೊಂಡಿತ್ತಂತೆ. ಮೇಷ್ಟ್ರು ಮಕ್ಕಳನ್ನು ದೂರ ಕಳಿಸಿ ಒಂದು ಫೋನ್ ಮಾಡಿದ್ದಾರೆ. ಸ್ವಲ್ಪ ಹೊತ್ತಿಗೆ ದಪ್ಪ ಕೈಗವಸು ತೊಟ್ಟ ಹೆಂಗಸೊಬ್ಬರು ಬಂದು ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದರಂತೆ. ಈ ಕೆಲಸ ಮಾಡುವವರು ರೇಬೀಸ್ ಲಸಿಕೆ ಹಾಕಿಸಿಕೊಂಡಿರಲೇಬೇಕು. ಆಸ್ಟ್ರೇಲಿಯಾದ ನಾಯಿಗಳಲ್ಲಿ ರೇಬೀಸ್ ಇಲ್ಲ. ಆದರೆ ಅದರ ದಾಯಾದಿ ವೈರಸ್ಸೊಂದು ಇಲ್ಲಿನ ಬಾವಲಿಗಳಲ್ಲಿ ಇರುವುದು 1996ರಲ್ಲಿ ಗೊತ್ತಾಯಿತು. ಬಾವಲಿ ಯಾರನ್ನಾದರೂ ಪರಚಿದರೆ ಅವರಿಗೆ ಚುಚ್ಚುಮದ್ದಿನ ಸರದಿ. ಬಾವಲಿ ಕೈಗೆ ಸಿಕ್ಕಿದ್ದರೆ ಅದನ್ನು ಕೊಂದು ಪರೀಕ್ಷೆಗೆ ಕಳಿಸುತ್ತಾರೆ. ‘ಮುಟ್ಟಿದರೆ ಅದು ಸಾಯುತ್ತೆ ಅಪ್ಪ’ ಎಂದಳು ಮಗಳು. ಮುಟ್ಟಿದರೆ ನೀನು ಸಾಯುತ್ತೀಯ ಎಂದು ಹೆದರಿಸುವುದಷ್ಟೇ ನಮಗೆ ಗೊತ್ತಿತ್ತು.

ನಿಜ ಹೇಳಬೇಕೆಂದರೆ ನಾವು ಹೆದರಿಸುತ್ತಲೂ ಇರಲಿಲ್ಲ. ನಾನು ಚಿಕ್ಕವನಿದ್ದಾಗ ಊರಲ್ಲಿ ಮಂಗ ಸತ್ತರೆ ಹನುಮಂತನೇ ಹೋದಂತೆ. ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಟ್ಟ ಕಟ್ಟಿ ಹೊತ್ತುಕೊಂಡು ಹೋಗಿ ಮಣ್ಣು ಮಾಡುತ್ತಿದ್ದರು. ನಾವು ಹುಡುಗರು ಹಿಂದೆ ಹಿಂದೆ. ಮಂಗನ ಕಾಯಿಲೆ ಹರಡುವುದು ಉಣುಗು, ಅಂದರೆ ಉಣ್ಣೆ; ಆ ಹೆಣದಿಂದ ಇಳಿದದ್ದು ಯಾರ ಕಾಲು ಹತ್ತಿತು ಎಂದು ನೋಡಿದವರಿಲ್ಲ. ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ ಬಿಡಿ.

ಮಂಗನ ಕಾಯಿಲೆ ಎಂಬ ಹೆಸರಿನ ಬಗ್ಗೆಯೇ ನನ್ನ ತಕರಾರಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಊರವರು ಜ್ವರಕ್ಕೆ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರವಿರಬಹುದೇ ಎಂಬ ಅನುಮಾನದಲ್ಲಿ ಬಂದು, ಹೊಸ ವೈರಸ್ ಹಿಡಿದುಕೊಂಡು ಹೋದರು. ಅವರು ಅದಕ್ಕೆ ಕಾಡಿನ ಹೆಸರಿಟ್ಟರು, ನಾವು ಮಂಗನ ಹೆಸರಿಟ್ಟೆವು. ವೈರಸ್ ತಲೆಮಾರಿನಿಂದ ತಲೆಮಾರಿಗೆ ಉಳಿಯುವುದು ಉಣುಗಿನಲ್ಲಿ, ಇಲಿ ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ. ಮಂಗ ನಮ್ಮ ಹಾಗೆಯೇ ಉಣುಗಿನಿಂದ ಕಚ್ಚಿಸಿಕೊಂಡು, ನಮಗಿಂತ ಬೇಗ ಸಾಯುತ್ತದೆ. ಅದು ಬಿದ್ದ ಜಾಗದಲ್ಲಿ ಉಣುಗುಗಳು ಇಳಿದು ಮುಂದಿನ ಮೈಗಾಗಿ ಕಾಯುತ್ತವೆ, ನಿಜ. ಅಷ್ಟಕ್ಕೇ ಕಾಯಿಲೆಯ ಪಟ್ಟ ಅದಕ್ಕೆ.

ಇಲ್ಲಿಯೂ ಇದಕ್ಕೆ ಹೋಲುವ ಕತೆಯೊಂದಿದೆ. 1994ರಲ್ಲಿ ಬ್ರಿಸ್ಬೇನಿನ ಹೆಂಡ್ರಾ ಬಡಾವಣೆಯ ಲಾಯವೊಂದರಲ್ಲಿ ಹತ್ತಕ್ಕೂ ಹೆಚ್ಚು ರೇಸ್ ಕುದುರೆಗಳು ಉಸಿರು ಕಟ್ಟಿ ಸತ್ತವು, ಅವನ್ನು ಪಳಗಿಸುತ್ತಿದ್ದಾತನೂ ಸತ್ತ. ವೈರಸ್ಸಿಗೆ ಆ ಬಡಾವಣೆಯದೇ ಹೆಸರಾಯಿತು. ಅದು ಬಂದದ್ದು ಬಾವಲಿಗಳಿಂದ ಎಂದು ಪತ್ತೆಯಾಗಲು ಎರಡು ವರ್ಷ ಬೇಕಾಯಿತು. ಮರದಲ್ಲಿ ಬಾವಲಿ, ಬುಡದಲ್ಲಿ ಮೇಯುವ ಕುದುರೆ, ಕುದುರೆಯ ಆರೈಕೆಗೆ ಮನುಷ್ಯ. ಈವರೆಗೆ ರೋಗ ತಗುಲಿದ್ದು ಏಳೇ ಜನರಿಗೆ, ಸತ್ತವರು ನಾಲ್ವರು. ಬಾವಲಿಯಿಂದ ನೇರವಾಗಿ ಮನುಷ್ಯನಿಗೆ ಅಂಟಿದ್ದು ಒಂದೂ ಇಲ್ಲ. 2012ರ ಹೊತ್ತಿಗೆ ಕುದುರೆಗೆ ಲಸಿಕೆ ಬಂತು. ಕುದುರೆಗೆ ಹಾಕಿದರೆ ಮನುಷ್ಯನೂ ಬಚಾವು.

ಊರಿಗೆ ಫೋನ್ ಮಾಡಿದಾಗ ಅಣ್ಣನಿಗೆ ಇದನ್ನು ಹೇಳಿದೆ.

‘ಹಂಗಾರೆ ಮಂಗಕ್ಕೂ ಹಾಕಬಹುದಲ್ಲ ಮಾರಾಯ?’

‘ಹಿಡಿಯೋರು ಯಾರು ಅಣ್ಣ?’

‘ಹಿಡಿಯೋದು ಇರ್ಲಿ, ದುಡ್ಡು ಕೊಡೋರು ಯಾರು ಹೇಳು.’

ಅಣ್ಣ ತಮಾಷೆಗೆ ಅಂದದ್ದು ನನ್ನ ತಲೆಯಲ್ಲಿ ಉಳಿಯಿತು. ರೇಸ್ ಕುದುರೆಗೆ ಯಜಮಾನನಿದ್ದಾನೆ, ಬೆಲೆ ಇದೆ, ವಿಮೆ ಇದೆ. ಅದು ಸತ್ತರೆ ಯಾರದೋ ಲೆಕ್ಕದ ಪುಸ್ತಕದಲ್ಲಿ ನಷ್ಟ ಬೀಳುತ್ತದೆ. ಮಂಗ ಸತ್ತರೆ ಯಾರ ಲೆಕ್ಕ? ಅದರ ಹಿಂದೆಯೇ ಜ್ವರಕ್ಕೆ ಬೀಳುವವರು ದರಕು (ಒಣಗಿದ ಎಲೆ) ಗುಡಿಸಿ ತರಲು, ಸೌದೆ ತರಲು, ದನ ಕಾಯಲು ಕಾಡಿಗೆ ಹೋದವರು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಅವರ ಹೆಸರಿನಲ್ಲಿ ವಿಮೆ ಕಂಪನಿಯವರು ಸರ್ಕಾರದ ಬಾಗಿಲು ತಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಮಂಗನ ಕಾಯಿಲೆಗೆ ಮನುಷ್ಯರಿಗೆ ಹಾಕುವ ಲಸಿಕೆ ನಮ್ಮಲ್ಲಿ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ನೋವು ವಿಪರೀತ, ಕೂಲಿ ತಪ್ಪುತ್ತದೆ ಎಂದು ಜನ ಎರಡನೆಯದಕ್ಕೇ ಬರುತ್ತಿರಲಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಸಾಲು ಶುರುವಾದಾಗ ಅದೇ ಜನ ಸರದಿಯಲ್ಲಿ ನಿಂತರು, ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಕೈಕಾಲಿಗೆ ಸವರಿಕೊಂಡು ತೋಟಕ್ಕೆ ಹೋದರು. 2022ರಲ್ಲಿ ಆ ಲಸಿಕೆಗೆ ಸತ್ವವಿಲ್ಲವೆಂದು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಇಲ್ಲಿ ರೋಗ ಕಂಡು ಹದಿನೆಂಟು ವರ್ಷಕ್ಕೆ ಕುದುರೆಯ ಲಸಿಕೆ. ಅಲ್ಲಿ ಅರವತ್ತೈದು ವರ್ಷವಾದ ಮೇಲೆ ಇದ್ದದ್ದೂ ಇಲ್ಲ. ಈ ಲೆಕ್ಕ ಹಾಕುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಹಾಗಂತ ಇಲ್ಲಿನವರೆಲ್ಲ ಬುದ್ಧಿವಂತರು ಎಂದುಕೊಳ್ಳಬೇಡಿ. ಲಸಿಕೆ ದುಬಾರಿ, ಕುದುರೆಗೆ ತೊಂದರೆಯಾಗುತ್ತದೆ ಎಂದು ಹಾಕಿಸದ ಮಾಲೀಕರು ಬಹಳ. ಲಸಿಕೆಯಿಲ್ಲದ ಕುದುರೆಯನ್ನು ಮುಟ್ಟುವುದಿಲ್ಲ ಎಂದು ಎಷ್ಟೋ ಪಶುವೈದ್ಯರು ಪಟ್ಟು ಹಿಡಿದರು. ಬಾವಲಿಗೆ ಕಾನೂನಿನ ರಕ್ಷಣೆಯಿದೆ, ಆದರೂ ವಾಸನೆ, ಗಲಾಟೆ, ರೋಗ ಎಂದು ಅವನ್ನು ಓಡಿಸಿ ಅನ್ನುವವರಿಗೆ ಕೊರತೆಯಿಲ್ಲ. ಸತ್ತ ಮಂಗ ಕಂಡರೆ ಆ ಕಡೆ ಹೋಗಬೇಡ, ಆಶಾ ಕಾರ್ಯಕರ್ತೆಗೆ ಹೇಳು ಎಂಬುದು ಈಗ ನಮ್ಮ ಊರಿನ ಮಕ್ಕಳಿಗೂ ಗೊತ್ತು. ಇಲಾಖೆಯವರು ಬಂದು ಹೆಣ ಸುಟ್ಟು, ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚಿ ಹೋಗುತ್ತಾರೆ. ಹಾರ ಹಾಕುವವರಿಲ್ಲ.

2022ರಲ್ಲಿ ಇಲ್ಲಿನ ಬಾವಲಿಗಳ ಮೇಲೆ ಇಪ್ಪತ್ತೈದು ವರ್ಷಗಳ ಅಧ್ಯಯನವೊಂದು ಹೊರಬಂತು. ಕಾಡು ಕಡಿದು ಚಳಿಗಾಲದ ಮೇವು ಕಡಿಮೆಯಾದಂತೆ ಬಾವಲಿಗಳು ಊರು, ಕುದುರೆ ಹೊಲಗಳ ಪಕ್ಕಕ್ಕೆ ಬಂದು ಬಿಡಾರ ಹೂಡಿದವು. ಹಸಿದ ವರ್ಷ ಹೆಂಡ್ರಾ ವೈರಸ್ ಹೆಚ್ಚು ಸುರಿಸಿದವು. ಉಳಿದ ಕಾಡು ಚಳಿಗಾಲದಲ್ಲಿ ಚೆನ್ನಾಗಿ ಹೂಬಿಟ್ಟ ವರ್ಷಗಳಲ್ಲಿ ಅವು ಅತ್ತ ಹೋದವು, ಕುದುರೆಗಳಿಗೆ ರೋಗ ಬರಲಿಲ್ಲ. ಆ ಹೂವು ಬಹುಮಟ್ಟಿಗೆ ನೀಲಗಿರಿ ಜಾತಿಯ ಮರಗಳದ್ದು. ಓದಿ ನಗು ಬಂತು. ನಮ್ಮ ಮಲೆನಾಡಿನಲ್ಲಿ ಇದ್ದ ಕಾಡು ಬೋಳಿಸಿ ನೆಟ್ಟದ್ದೂ ಅದೇ ನೀಲಗಿರಿಯನ್ನು, ಜೊತೆಗೆ ಅಕೇಶಿಯಾ.

ಜುಲೈ ಬಂದರೆ ಇಲ್ಲಿ ಚಳಿಗಾಲ. ವಾಕಿಂಗ್ ಹೋದಾಗ ತಲೆಯೆತ್ತಿ ಮರ ನೋಡುವ ಚಟ ಹತ್ತಿದೆ. ಹೋದ ಸಲ ಅಣ್ಣನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ, ನೀಲಗಿರಿ ಹೂ ಬಿಟ್ಟಿದೆ ನೋಡು, ಈ ವರ್ಷ ಕುದುರೆಗಳು ಬದುಕಿದವು ಅಂತ.

‘ನಮ್ಮಲ್ಲೂ ಬಿಡ್ತದೆ’ ಎಂದ ಅಣ್ಣ. ‘ಅದರ ಬುಡದಲ್ಲೇ ಮಾರ್ಚ್‌ನಲ್ಲಿ ಒಂದು ಮುಸಿಯ ಮಂಗ ಸತ್ತು ಬಿದ್ದಿತ್ತು.’