ನೆಲಕ್ಕೆ ಅಂಟಿದ ಮೋಡ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಚಟ ಹತ್ತಿದವರೆಲ್ಲ ಮೊದಲು ಹುಡುಕುವುದು ತಮ್ಮ ಮನೆಯನ್ನೇ ಅಲ್ವಾ? ನ್ಯೂಯಾರ್ಕು, ಪ್ಯಾರಿಸ್ಸು ಎಲ್ಲ ಆಮೇಲೆ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ಆದ್ದರಿಂದ ಕಣ್ಣೂರಿನಿಂದ ಏರಬೇಕು. ಮಾಕುಟ್ಟದ ಕಾಡು ದಾಟಿ, ವಿರಾಜಪೇಟೆ ಕಳೆದು, ತಡಿಯಂಡಮೋಳ್ ಬೆಟ್ಟವನ್ನು ಎಡಕ್ಕೆ ಬಿಟ್ಟುಕೊಂಡು ಬಂದರೆ ಮಡಿಕೇರಿ.

ನೆಲದ ಹೊಸ ಉಪಗ್ರಹ ಚಿತ್ರ ಬಂದಿದೆ ಅಂತ ಮೊನ್ನೆ ರಾತ್ರಿಯಿಡೀ ಡೌನ್‌ಲೋಡ್‌ಗೆ ಇಟ್ಟೆ. ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಬೆಳಿಗ್ಗೆ ಹಾರಿಸಿದರೆ ವಿರಾಜಪೇಟೆ ತನಕ ಎಲೆ ಎಣಿಸಬಹುದು, ಅಷ್ಟು ಚಂದ. ಮಡಿಕೇರಿ ಹತ್ತಿರ ಬಂದರೆ ಊರೇ ಬಿಳಿ.

ಆಕಾಶದ ಮೋಡ ಆಗಿದ್ದರೆ ಚಿಂತೆ ಇಲ್ಲ, ಕೆಳಗಿಳಿದರೆ ಆಯ್ತು. ಇದು ಉಪಗ್ರಹ ಫೋಟೋ ತೆಗೆದ ದಿನ ಇದ್ದ ಮೋಡ. ನೆಲದ ಮೇಲೇ ಅಚ್ಚಾಗಿದೆ. ಗುಡ್ಡಗಳ ಎತ್ತರ ಬೇರೆ ಕಡೆಯಿಂದ ಬರುತ್ತದೆ. 2000ದ ಫೆಬ್ರವರಿಯಲ್ಲಿ ನಾಸಾದ ನೌಕೆ ರೇಡಾರ್‌ನಿಂದ ಅಳೆದ ಲೆಕ್ಕ ಈಗಲೂ ಬಳಕೆಯಲ್ಲಿದೆ. ರೇಡಾರ್‌ಗೆ ಮೋಡ ಅಡ್ಡಿಯಲ್ಲ. ಹಾಗಾಗಿ ಗುಡ್ಡಗಳೆಲ್ಲ ಸರಿಯಾಗಿವೆ, ಮೇಲೆ ಮೋಡವನ್ನು ಒದ್ದೆ ಪಂಚೆಯ ಹಾಗೆ ಹರವಿದ್ದಾರೆ. ಬಿಸಿಲು ಯಾವ ಕಡೆಯಿಂದ ಬಂದರೂ ಮೋಡದ ಕಪ್ಪು ನೆರಳು ಮಾತ್ರ ಅದೇ ಗದ್ದೆಯ ಮೇಲೆ.

ನನ್ನ ಗೊಣಗಾಟ ಕೇಳಿ ದೊಡ್ಡಪ್ಪ ಬಂದರು. ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುವವರು. ಆಮೇಲೆ ನೆಂಟರಿಗೆಲ್ಲ ಫೋನ್. ಆರೋಗ್ಯ ವಿಚಾರಿಸುವುದಿಲ್ಲ, "ನಿಮ್ಮಲ್ಲಿ ಎಷ್ಟು ಇಂಚು?" ಅಷ್ಟೇ.

"ಅದು ಮೋಡ ಅಲ್ಲ ಮಾರಾಯ, ಕಾಫಿ ಹೂ."

"ದೊಡ್ಡಪ್ಪ, ಬಸ್ ಸ್ಟ್ಯಾಂಡ್ ಮೇಲೂ ಬಿಳಿ ಇದೆ."

"ಹೂ ಅರಳಿಸೋ ಮಳೆ ಚೆನ್ನಾಗಿ ಆಗಿರಬೇಕು."

ನೆರಳು ತೋರಿಸಿದ ಮೇಲೆ ಒಪ್ಪಿದರು. ಅಲ್ಲಿಗೆ ಮುಗಿಯಲಿಲ್ಲ. ಕನ್ನಡಕ ತರಿಸಿದರು, ಕುರ್ಚಿ ಎಳೆದರು. ಈ ತುಂಡು ಎಷ್ಟು ಇಂಚು ಸುರಿದೀತು, ಗಾಳಿ ಯಾವ ಕಡೆ, ಅದರ ಕೆಳಗೆ ಯಾರ ತೋಟ ಅಂತ ತನಿಖೆ ಶುರು. ವಿಮಾನ ಅಲ್ಲೇ ಸುತ್ತುತ್ತಾ ಇರಬೇಕು, ಪೆಟ್ರೋಲ್ ಖಾಲಿಯಾಗುತ್ತಿದ್ದರೂ ಕೇಳುವವರಿಲ್ಲ. ಕೊನೆಗೆ ಮೋಡ ಬೇಲಿಯಾಚೆಯವರ ತೋಟದ ಮೇಲಿದೆ, ನಮ್ಮ ತೋಟದ ಅಂಚಿಗೆ ಬಂದು ನಿಂತುಬಿಟ್ಟಿದೆ ಅಂತ ಪತ್ತೆಯಾಯಿತು. ದೊಡ್ಡಪ್ಪನ ಮುಖ ಕೆಂಪಾಯಿತು.

"ನೋಡು, ಯಾವಾಗಲೂ ಅವನಿಗೇ ಮೊದಲು!"

ಅದು ಫೋಟೋ, ಮಳೆ ಬರೋದಿಲ್ಲ ಅಂದೆ. ಬರದಿದ್ದರೂ ಅವನ ಮೇಲೆ ಯಾಕೆ ನಿಲ್ಲಬೇಕು ಅಂದರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಮಾತು.

ಮೋಡ ಇಲ್ಲದ ಚಿತ್ರ ಸುಮ್ನೆ ಸಿಗುವುದಿಲ್ಲ ನಿಜ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಸುಮಾರು 5 ದಿನಕ್ಕೊಮ್ಮೆ, ಬೆಳಿಗ್ಗೆ 10.30ರ ಸುಮಾರಿಗೆ ಮೇಲೆ ಹಾಯುತ್ತದೆ. ಜುಲೈಯಲ್ಲಿ ಆ ಹೊತ್ತಿಗೆ ನಮಗೇ ಗೇಟು ಕಾಣುವುದಿಲ್ಲ. ಹಾಗಾಗಿ ಬೇರೆ ಬೇರೆ ದಿನದ ಚಿತ್ರಗಳಿಂದ ಶುಭ್ರವಾದ ತುಂಡು ಆರಿಸಿ ಜೋಡಿಸುತ್ತಾರೆ. ರಾಜಸ್ಥಾನಕ್ಕೆ ಇದು ಸುಲಭ. ಆದರೂ ಜನವರಿಯಲ್ಲಿ ಇಲ್ಲೂ ಆಕಾಶ ತೊಳೆದಿಟ್ಟಂತೆ ಇರುತ್ತದಲ್ಲ, ಒಂದು ಒಳ್ಳೆ ತುಂಡು ಸಿಗಲಿಲ್ವಾ?

ಸಂಜೆ ದೊಡ್ಡಪ್ಪ ಮತ್ತೆ ಬಂದು ಮಕ್ಕಂದೂರು ಕಡೆ ಹೋಗು ಅಂದರು. ಅಲ್ಲೂ ಬಿಳಿ. "ಹಳೇ ಫೋಟೋನಾ ಇದು? 2018ರ ಆಗಸ್ಟ್‌ಗೂ ಮುಂಚಿನದಾ?" ಅಂತ ಕೇಳಿದರು. ಆ ತಿಂಗಳ ಮಳೆಗೆ ಜಾರುವ ಮೊದಲಿನ ಗುಡ್ಡ ಅವರಿಗೆ ಬೇಕಿತ್ತು. ತಾರೀಕು ಎಲ್ಲೂ ಬರೆದಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವರೇ ಶುರು ಮಾಡಿದರು. "ಮಳೆಗಾಲದಲ್ಲಿ ಫೋಟೋ ತೆಗೆಯೋಕೆ ಯಾರಾದ್ರೂ ಕೊಡಗಿಗೆ ಬರ್ತಾರಾ?"

"ಬೆಂಗಳೂರಿನವರು ಬರ್ತಾರಲ್ಲ ದೊಡ್ಡಪ್ಪ. ರಾಜಾಸೀಟಿನಲ್ಲಿ ಟಿಕೆಟ್ ತಗೊಂಡು ಬಿಳಿ ನೋಡಿ ಹೋಗ್ತಾರೆ."

"ಹಾಗಾದ್ರೆ ಇವರು ಸರಿಯಾಗೇ ತೆಗೆದಿದ್ದಾರೆ. ನೀನು ಟಿಕೆಟ್ ಇಡು."